ದುರ್ಗದ ಸುತ್ತ ಕಾರಿನಲ್ಲಿ ನಾಲ್ಕು ದಿನ: ಹೋಗುವುದು ಹೇಗೆ?

ಪ್ರತಿ ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ನೆಂಟರು ದಾವಣಗೆರೆಯ ನಮ್ಮ ಮನೆಗೆ ಬರುತ್ತಾರೆ. ‘ದಾರಿಯಲ್ಲಿ ಚಿತ್ರದುರ್ಗದ ಕೋಟೆ ಮುಗಿಸಿಕೊಂಡೇ ಬಂದ್ವಿ’ ಅನ್ನುತ್ತಾರೆ. ಕೇಳಿದರೆ ಮಧ್ಯಾಹ್ನ 12ಕ್ಕೆ ಹತ್ತಿ 2ಕ್ಕೆ ಇಳಿದಿರುತ್ತಾರೆ. ಮಕ್ಕಳಿಗೆ ತಲೆನೋವು, ದೊಡ್ಡವರಿಗೆ ಸುಸ್ತು. ಇದನ್ನು ನೋಡಿ ನೋಡಿ ನನಗೆ ಸಂಕಟವಾಗಿದೆ. ಈ ಸೀಮೆಗೆ ನಾಲ್ಕು ದಿನ ಕೊಡಿ. ದೂರ ಜಾಸ್ತಿ ಇಲ್ಲ, ದಾವಣಗೆರೆಯಿಂದ ದುರ್ಗ ಸುಮಾರು 60 ಕಿಲೋಮೀಟರ್. ಲೆಕ್ಕ ಹಾಕಬೇಕಾದ್ದು ಬಿಸಿಲನ್ನು.

ಹೊರಡುವ ಮುಂಚೆ

ಅಕ್ಟೋಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ. ಸ್ಟೆಪ್ನಿಗೂ ಗಾಳಿ ಹಿಡಿಸಿ. ನಮ್ಮ ಕಡೆ ರಸ್ತೆ ಪಕ್ಕದಲ್ಲಿ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ನೆರಳು ಅಂತ ಅದರ ಕೆಳಗೆ ಕಾರು ನಿಲ್ಲಿಸಿದರೆ ಮುಳ್ಳು ಟೈರಿಗೆ ಇಳಿಯಿತು ಅಂತಲೇ ಲೆಕ್ಕ. ಬೇವು, ಹುಣಸೆ ಮರ ಹುಡುಕಿ. ಗಾಜಿಗೆ ಅಂಟಿಸುವ ಅಗ್ಗದ ಮೊಬೈಲ್ ಹೋಲ್ಡರ್ ತಗೋಬೇಡಿ. ಬಿಸಿಲಿಗೆ ರಬ್ಬರ್ ಮೆತ್ತಗಾಗಿ ಫೋನ್ ಸಮೇತ ಬೀಳುತ್ತದೆ.

ಮೊದಲ ದಿನ

ಬೆಣ್ಣೆ ದೋಸೆ ತಿಂದು 8ಕ್ಕೆ ಹೊರಡಿ. ಸಂತೇಬೆನ್ನೂರಿನ ಪುಷ್ಕರಣಿ, ಸೂಳೆಕೆರೆ, ಹೊಳಲ್ಕೆರೆಯ ಬಯಲು ಗಣಪ, ಸಂಜೆಗೆ ದುರ್ಗ. ಸೂಳೆಕೆರೆಯಲ್ಲಿ ಏರಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಎರಡು ಗುಡ್ಡಗಳ ನಡುವೆ ಕಟ್ಟಿದ ಏರಿ ಗಿಡ್ಡದು, ಹಿಂದೆ ನಿಂತ ನೀರು ಮಾತ್ರ ಕಣ್ಣಳತೆಗೆ ಸಿಗುವುದಿಲ್ಲ.

ಮ್ಯಾಪ್ ತೋರಿಸುವ ಅಡ್ಡದಾರಿ ಹಿಡಿಯಬೇಡಿ. ಹತ್ತು ನಿಮಿಷ ಉಳಿಸಲು ಹೋಗಿ ಮೆಕ್ಕೆಜೋಳದ ಹೊಲದ ಬಂಡಿದಾರಿ ಸೇರುತ್ತೀರಿ. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆ ಮೇಲೇ ಒಕ್ಕಣೆಗೆ ಹರಡಿರುತ್ತಾರೆ. ಅದರ ಮೇಲೆ ಹತ್ತಿಸಬೇಡಿ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು, ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತಬಹುದು.

ಎರಡನೇ ದಿನ: ಕೋಟೆ

ಎಲ್ಲರೂ ಎಡವುವುದು ಇಲ್ಲೇ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಟಿಕೆಟ್ ಕೌಂಟರ್ ಮುಂದಿರಿ. 10 ಗಂಟೆಗೆಲ್ಲ ಬಂಡೆ ಕಾಯತೊಡಗುತ್ತದೆ, ಆಮೇಲೆ ಬಿಸಿ ಮೇಲಿಂದಲೂ ಕೆಳಗಿಂದಲೂ ಬಡಿಯುತ್ತದೆ. ತಿಂಡಿ ಇಳಿದ ಮೇಲಾಗಲಿ, ಕಾರಿನಲ್ಲೇ ಎರಡು ಬಾಳೆಹಣ್ಣು ತಿಂದುಬಿಡಿ. ಕೈಯಲ್ಲಿ ಕವರ್ ಹಿಡಿದರೆ ಕೋತಿ ಬಿಡುವುದಿಲ್ಲ. ತಲೆಗೊಂದು ಲೀಟರ್ ನೀರು ಬೆನ್ನಿನ ಬ್ಯಾಗಿನಲ್ಲಿರಲಿ. ಅಡಿ ಸವೆದ ಶೂ ಬೇಡವೇ ಬೇಡ, ಜನ ತುಳಿದು ತುಳಿದು ಮೆಟ್ಟಿಲು ನುಣ್ಣಗಾಗಿವೆ.

ದರ ಮೊದಲೇ ಮಾತಾಡಿ ಗೈಡ್ ತಗೊಳ್ಳಿ. ಬಾಗಿಲುಗಳ ಹತ್ತಿರ ಓಡಬೇಡಿ. ದಾರಿ ಸೊಟ್ಟ ಸೊಟ್ಟ ಇರುವುದು ಆನೆ ಓಡಿಬಂದು ಬಾಗಿಲಿಗೆ ಗುದ್ದಲು ಜಾಗ ಸಿಗಬಾರದು ಅಂತ. ಸಿಡಿಮದ್ದು ಬೀಸುವ ಕಲ್ಲು ನೋಡಿ ಮೇಲೆ ಹೋಗಿ. ಬಂಡೆಗಳ ಮೇಲೆ ಸಾಲಾಗಿ ಚೌಕದ ತೂತುಗಳಿವೆ, ಕಲ್ಲು ಸೀಳಲು ಹೊಡೆದ ಗುರುತು. ಒಳಗೆ ಬೆರಳಿಟ್ಟು ನೋಡಿ. ಕೆಲವು ಬಂಡೆ ಆ ಸಾಲಿಗೇ ಸೀಳಿವೆ, ಕೆಲವು ತೂತು ಹೊತ್ತು ಹಾಗೇ ಕೂತಿವೆ.

ಎತ್ತರದ ಗುಡಿಗಳನ್ನು ಮೊದಲು ಮುಗಿಸಿ, ಆಮೇಲೆ ಹೊಂಡಗಳ ಕಡೆ ಬನ್ನಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ಇಳಿಯುವಂತೆ ಕಟ್ಟಿದ್ದಾರೆ. ಮಳೆ ಕಡಿಮೆ ಇರುವ ಸೀಮೆಯಲ್ಲಿ ಕೋಟೆ ಮುತ್ತಿಗೆ ತಾಳಿದ್ದು ಈ ನೀರಿನ ಬಲದಿಂದಲೂ ಹೌದು. ಹೈದರಾಲಿಗೆ ಇದು ದಕ್ಕಿದ್ದು 1779ರಲ್ಲಿ. ಓಬವ್ವನ ಕಿಂಡಿ ಕೊನೆಗಿರಲಿ, ಅಲ್ಲಿ ಬಂಡೆಯ ನೆರಳಾದರೂ ಸಿಗುತ್ತದೆ.

ಇಳಿದು ತಿಂಡಿ ತಿಂದು ಮಲಗಿ. ಸಂಜೆ 4ಕ್ಕೆ ಚಂದ್ರವಳ್ಳಿ. ಕದಂಬರ ಮಯೂರನ ಶಾಸನ ಇರುವ ಜಾಗ. ಅಂಕಲಿ ಮಠದ ಗುಹೆಗೆ ಒಳ್ಳೆ ಟಾರ್ಚ್ ಬೇಕು, ಮೊಬೈಲ್ ಬೆಳಕು ಸಾಲದು.

ಮೂರನೇ ದಿನ

ಹಿರಿಯೂರು ದಾರಿಯಲ್ಲಿ ವಾಣಿ ವಿಲಾಸ ಸಾಗರ. ನಮ್ಮವರಿಗೆ ಇಂದಿಗೂ ಮಾರಿಕಣಿವೆ. 1907ರಲ್ಲಿ ಮುಗಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಆ ನೀರು ನೋಡಲು ಬಂದ ಅಜ್ಜಿಯರು ಕೈ ಮುಗಿದು ನಿಂತಿದ್ದರು. ರಾತ್ರಿ ಚಳ್ಳಕೆರೆಯಲ್ಲಿ ಉಳಿಯಿರಿ.

ನಾಲ್ಕನೇ ದಿನ

ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ ದರ್ಶನ ಮಾಡಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಶೋಕನ ಶಾಸನ ಪತ್ತೆ ಮಾಡಿದ್ದು ಇಲ್ಲೇ. ಬರೆದವನು ಚಪಡ. ಬ್ರಾಹ್ಮಿ ಲಿಪಿಯಲ್ಲಿ ಬರೆದು, ‘ಲಿಪಿಕಾರ’ ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೊನೆಗೆ ಬರೆದಿದ್ದಾನೆ. ಆ ಸಾಲು ತೋರಿಸಲು ಹೇಳಿ. ಮೊಳಕಾಲ್ಮೂರು ಸೀರೆ ಬೇಕಿದ್ದರೆ ಮಗ್ಗದ ಸದ್ದು ಕೇಳುವ ಮನೆಯಲ್ಲೇ ಕೊಳ್ಳಿ. ಅದೇ ಹೆಸರಲ್ಲಿ ಪವರ್‌ಲೂಮ್ ಮಾಲು ಬೇಕಾದಷ್ಟಿದೆ.

ವಾಪಸ್ ಜಗಳೂರು ಮೇಲೆ ಬನ್ನಿ. ಅಲ್ಲಿನ ರಂಗಯ್ಯನದುರ್ಗ ಕಾಡು ನಾಲ್ಕು ಕೊಂಬಿನ ಕೊಂಡುಕುರಿಗೆ ಮೀಸಲು. ಕತ್ತಲಾದ ಮೇಲೆ ಈ ದಾರಿ ಬೇಡ, ಎಷ್ಟೋ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಹಿಂದೆ ಲೈಟೇ ಇರುವುದಿಲ್ಲ. 6ರೊಳಗೆ ದಾವಣಗೆರೆ ಸೇರಿದರೆ ಮಂಡಕ್ಕಿ ಜೊತೆ ಮೆಣಸಿನಕಾಯಿ ಬಾಣಲೆಯಿಂದ ಬಿಸಿಬಿಸಿಯಾಗಿ ಸಿಗುತ್ತದೆ.