ಪುಕ್ಕಟೆ ಸಾಫ್ಟ್‌ವೇರ್‌ನ ಡಬ್ಬಿ ಮಾರಿದ ನನ್ನ ಅನುಭವ

ಮನೆಯ ವಿಡಿಯೊ, ಫೋಟೊಗಳನ್ನು ಟಿವಿಯಲ್ಲಿ ತೋರಿಸುವ ಪುಟ್ಟ ಕಂಪ್ಯೂಟರ್ ಡಬ್ಬಿ ಮಾಡಿ ಮಾರುತ್ತೇನೆ. ಹೋದ ತಿಂಗಳು ನನ್ನ ನೂರನೇ ಡಬ್ಬಿ ಸಾಗರದ ಒಂದು ಮನೆಗೆ ಹೋಯಿತು. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ಡಬ್ಬಿಯೊಳಗೆ ಓಡುವುದು ಎರಡು ಸಾಫ್ಟ್‌ವೇರ್: ಟಿವಿಯಲ್ಲಿ ವಿಡಿಯೊ ತೋರಿಸುವ ಕೋಡಿ, ವಿಡಿಯೊಗಳನ್ನು ಲೈಬ್ರರಿಯಾಗಿ ಜೋಡಿಸಿಡುವ ಜೆಲ್ಲಿಫಿನ್. ಶುರು ಮಾಡಿದಾಗ ನಮ್ಮ ಭಾವ, "ಕೋಡಿ ಪುಕ್ಕಟೆ, ಜೆಲ್ಲಿಫಿನ್ ಪುಕ್ಕಟೆ. ಅದಕ್ಕೆ ಯಾರೋ ದುಡ್ಡು ಕೊಡ್ತಾರೆ?" ಎಂದಿದ್ದರು. ಚಂದಾ ಹಣ ತೆಗೆದುಕೊಳ್ಳುವ ಪ್ಲೆಕ್ಸ್ ಕೂಡ ಹಿಂದೆ ಇದೇ ಕೋಡಿಯಿಂದ, ಅಂದರೆ ಅದರ ಹಳೇ ಹೆಸರಿನ ಎಕ್ಸ್‌ಬಿಎಂಸಿಯಿಂದ ಕವಲೊಡೆದದ್ದೇ ಅಲ್ವಾ ಎಂದೆ. ಅದು ಅಮೆರಿಕದ ಕಥೆ, ಇದು ಶಿವಮೊಗ್ಗ ಎಂದರು.

ನಾನು ಸಿನಿಮಾ ಡಬ್ಬಿ ಮಾರುವುದಿಲ್ಲ. "ಐನೂರು ಸಿನಿಮಾ ತುಂಬಿಸಿ ಕೊಡಿ" ಎಂದು ಕೇಳುವವರಿಗೆ ಕೊರತೆಯಿಲ್ಲ. ಇವತ್ತಿನವರೆಗೆ ಒಂದೂ ತುಂಬಿಸಿಲ್ಲ. ಕದ್ದ ಸಿನಿಮಾ ತೋರಿಸುವ ಡಬ್ಬಿಗಳಿಂದ ಕೋಡಿ ಮಾಡಿದವರ ಹೆಸರು ಎಷ್ಟು ಕೆಟ್ಟಿತೆಂದು ನಮಗೆಲ್ಲ ಗೊತ್ತು. ನನ್ನ ಸರಕು ಬೇರೆ. ಮದುವೆ, ಉಪನಯನ, ಗೃಹಪ್ರವೇಶ, ಅಜ್ಜನ ಎಂಬತ್ತರ ಶಾಂತಿ. ಅಟ್ಟದ ಮೇಲಿನ ವಿಎಚ್‌ಎಸ್ ಟೇಪು, ಸ್ಟುಡಿಯೊದವರು ಕೊಟ್ಟ ಪೆನ್‌ಡ್ರೈವು, ಫೋನಿನಲ್ಲಿ ತುಂಬಿಕೊಂಡ ಫೋಟೊ. ಇವೆಲ್ಲ ಟಿವಿಯಲ್ಲಿ ಒಂದೇ ರಿಮೋಟಿಗೆ ಬರಬೇಕು. ಅಷ್ಟೇ ಕೆಲಸ.

ಮೊದಲ ಹನ್ನೆರಡು ಡಬ್ಬಿ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡಿನಲ್ಲಿ ಮಾಡಿದೆ. 2022ರ ಮಾತು. ಬೋರ್ಡ್ ಸಿಗುತ್ತಲೇ ಇರಲಿಲ್ಲ. ಸಿಕ್ಕಿದ್ದಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು ಬೆಲೆ ಕೊಟ್ಟೆ. ಒಂದು ಡಬ್ಬಿಗೆ ಹನ್ನೆರಡು ಸಾವಿರದ ಹತ್ತಿರ ಬಿತ್ತು, ಮಾರಿದ್ದು ಹತ್ತೂವರೆಗೆ. ಹೆಸರಾಗಲಿ ಎಂದು ನಷ್ಟ ಹೊತ್ತೆ. ಆಮೇಲೆ ಮಳೆಗಾಲ ಬಂತು. ಮಲೆನಾಡಿನ ಮಳೆಗಾಲದ ಕರೆಂಟು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಥಟ್ಟನೆ ಕರೆಂಟ್ ಹೋಗಿ ಹೋಗಿ ಎರಡು ತಿಂಗಳಲ್ಲಿ ಸಾಫ್ಟ್‌ವೇರ್ ಇದ್ದ ಐದು ಎಸ್‌ಡಿ ಕಾರ್ಡ್ ಸತ್ತವು. ತೀರ್ಥಹಳ್ಳಿಯ ಮನೆಗೇ ಮೂರು ಸಲ ಬಸ್ಸಿನಲ್ಲಿ ಹೋಗಿ ಬಂದೆ. ವಿಡಿಯೊ ಬೇರೆ ಡಿಸ್ಕಿನಲ್ಲಿದ್ದದ್ದರಿಂದ ಯಾರದ್ದೂ ಹಾಳಾಗಲಿಲ್ಲ. ಆದರೆ ಆ ಮನೆಯ ಯಜಮಾನರು ಮೂರನೇ ಸಲ ಕಾಫಿ ಕೊಟ್ಟು, "ಇದು ಬೇಡ ಮಾರಾಯ, ನಮಗೆ ಪೆನ್‌ಡ್ರೈವೇ ಸಾಕು" ಎಂದು ಡಬ್ಬಿ ವಾಪಸ್ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದದ್ದು ಇನ್ನೂ ನೆನಪಿದೆ. ಆ ವರ್ಷ ಒಟ್ಟು ಅರವತ್ತು ಸಾವಿರದಷ್ಟು ಕೈಬಿಟ್ಟಿತು.

ಆಮೇಲೆ ಇಂಟೆಲ್ ಎನ್100 ಚಿಪ್ಪಿನ ರೆಡಿ ಮಿನಿ ಪಿಸಿಗೆ ಬಂದೆ. ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು ಇರುವುದನ್ನೇ ತಂದೆ. ಕರೆಂಟ್ ಥಟ್ಟನೆ ಹೋದರೂ ಕೆಡದಂತೆ, ಸಿಸ್ಟಂ ಇರುವ ರೂಟ್ ಪಾರ್ಟಿಶನ್ನನ್ನು ರೀಡ್-ಓನ್ಲಿ (ಓದಲು ಮಾತ್ರ) ಮಾಡಿ, ಮೇಲೆ ತಾತ್ಕಾಲಿಕ ಬರಹಗಳಿಗೆಂದು ಓವರ್‌ಲೇ ಹಾಕಿದೆ. ಜೊತೆಗೆ ರೂಟರಿಗೆ ಹಾಕುವ 12 ವೋಲ್ಟಿನ ಪುಟ್ಟ ಯುಪಿಎಸ್. 2 ಆಂಪಿಯರಿನದು ತರಬೇಡಿ. ಡಬ್ಬಿ ಬೂಟ್ ಆಗುವಾಗ ಡಿಸ್ಕೂ ತಿರುಗಲು ಶುರುವಾಗಿ ಯುಪಿಎಸ್ ಕೈಕೊಡುತ್ತದೆ. 3 ಆಂಪಿಯರಿನದೇ ಬೇಕು. ಈ ಯುಪಿಎಸ್‌ಗೆ ಕರೆಂಟ್ ಹೋಯಿತೆಂದು ಡಬ್ಬಿಗೆ ತಿಳಿಸುವ ದಾರಿಯೇ ಇಲ್ಲ. ಆದರೂ ನನ್ನ ಡಬ್ಬಿ ನಾಲ್ಕು ನಿಮಿಷ ಕಾದು ತಾನಾಗಿಯೇ ಸರಿಯಾಗಿ ಶಟ್‌ಡೌನ್ ಆಗುತ್ತದೆ. ಅದು ಹೇಗೆ ಎಂಬುದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ನಲವತ್ತು ರೂಪಾಯಿಯ ಸಾಮಾನು. ಎರಡು ಮಳೆಗಾಲ ಕಳೆದರೂ ಒಂದು ಡಬ್ಬಿಯೂ ಕೆಟ್ಟು ಬಂದಿಲ್ಲ.

ಪೈ ಬಿಟ್ಟಿದ್ದಕ್ಕೆ ಒಂದು ನಷ್ಟವೂ ಆಯಿತು. ಪೈನಲ್ಲಿ ಸಿಇಸಿ (ಟಿವಿ ರಿಮೋಟಿನ ಗುಂಡಿಯನ್ನು ಎಚ್‌ಡಿಎಂಐ ತಂತಿಯಲ್ಲೇ ಡಬ್ಬಿಗೆ ತಿಳಿಸುವ ಸೌಲಭ್ಯ) ಇತ್ತು, ಟಿವಿ ರಿಮೋಟೇ ಸಾಕಿತ್ತು. ಈ ಮಿನಿ ಪಿಸಿಯಲ್ಲಿ ಅದಿಲ್ಲ. ಗಾಳಿಯಲ್ಲಿ ಆಡಿಸುವ ಏರ್ ಮೌಸ್ ರಿಮೋಟ್ ಕೊಟ್ಟು ನೋಡಿದೆ, ಪರದೆ ಮೇಲೆ ಬಾಣ ಓಡಾಡುವುದನ್ನು ಕಂಡು ಅಮ್ಮ ರಿಮೋಟನ್ನು ಕೆಳಗಿಟ್ಟರು. ಕೊನೆಗೆ ಯುಎಸ್‌ಬಿ ಇನ್‌ಫ್ರಾರೆಡ್ ರಿಸೀವರ್ ಹಾಕಿ, ಸಾದಾ ರಿಮೋಟಿನ ಕೆಂಪು ಗುಂಡಿಗೆ ಮದುವೆ, ಹಸಿರಿಗೆ ಫೋಟೊ ಎಂದು ಕಟ್ಟಿದೆ. ಅಮ್ಮ ಒಬ್ಬರೇ ಕೂತು ಅಕ್ಕನ ಮದುವೆಯ ಧಾರೆ ಹಾಕಿಕೊಂಡು ನೋಡಿದರು. ಇದು ಮಾರಾಟವಾಗುತ್ತದೆ ಎಂದು ನನಗೆ ಖಾತ್ರಿಯಾದದ್ದು ಅವತ್ತೇ.

ಜೆಲ್ಲಿಫಿನ್‌ನಲ್ಲಿ ಒಂದು ತಪ್ಪು ಮಾಡಿದ್ದೆ. ಪೋಸ್ಟರ್ ಚೆನ್ನಾಗಿ ಕಾಣಲಿ ಎಂದು ಲೈಬ್ರರಿಯನ್ನು ಸಿನಿಮಾ ಬಗೆಯಲ್ಲಿ ಇಟ್ಟೆ. ಅದು ಅಂತರ್ಜಾಲದಲ್ಲಿ ಹುಡುಕಿ, ಒಬ್ಬರ ಗೃಹಪ್ರವೇಶಕ್ಕೆ ಯಾವುದೋ ವಿದೇಶಿ ಸಿನಿಮಾದ ಪೋಸ್ಟರ್ ಅಂಟಿಸಿಬಿಟ್ಟಿತು. ಹಾಗೆ ಮೆಟಾಡೇಟಾ (ಹೆಸರು, ಪೋಸ್ಟರಿನಂಥ ವಿವರ) ತರುವುದನ್ನೆಲ್ಲ ನಿಲ್ಲಿಸಿ, ಪ್ರತಿ ಫೋಲ್ಡರಿಗೂ ಎನ್‌ಎಫ್‌ಓ ಎಂಬ ವಿವರದ ಫೈಲನ್ನು ನಾನೇ ಬರೆದೆ. ನಾನು ಮೊದಲು ಹಾಕಿದ್ದ ಹಳೇ ಕೋಡಿಯಲ್ಲಂತೂ ಒತ್ತಕ್ಷರವೇ ಕೂಡುತ್ತಿರಲಿಲ್ಲ. 'ಅಮ್ಮ' ಎಂದು ಬರೆದರೆ ಬಿಡಿಬಿಡಿಯಾಗಿ ಬರುತ್ತಿತ್ತು. ಅದಕ್ಕೆ ಹೆಸರುಗಳನ್ನೆಲ್ಲ ಚಿತ್ರ ಮಾಡಿ ಕೂರಿಸಿದೆ. ಒಂದು ಮನೆಗೆ ಒಂದು ಇಡೀ ದಿನ ಹಿಡಿಯುತ್ತಿತ್ತು.

ವಿಎಚ್‌ಎಸ್ ಟೇಪನ್ನು ಕಂಪ್ಯೂಟರ್ ಫೈಲು ಮಾಡುವ ಕೆಲಸಕ್ಕೆ ಟೇಪಿಗೆ 350 ರೂಪಾಯಿ ತೆಗೆದುಕೊಳ್ಳುತ್ತೇನೆ. ಡಿಇಂಟರ್‌ಲೇಸ್ ಮಾಡುವಾಗ (ಟೇಪಿನ ಬಿಟ್ಟು ಬಿಟ್ಟು ಬರುವ ಗೆರೆಗಳನ್ನು ಪೂರ್ತಿ ಚಿತ್ರ ಮಾಡುವಾಗ) ಸೆಕೆಂಡಿಗೆ 25 ಫ್ರೇಮಿಗೆ ಇಳಿಸಬೇಡಿ, 50 ಇಡಿ. ಡೊಳ್ಳು ಕುಣಿತದ ಕೈ ಓಟ ಅದರಲ್ಲಿ ಮಾತ್ರ ನುಣುಪಾಗಿ ಕಾಣುತ್ತದೆ. ಚೌಕದ ಚಿತ್ರವನ್ನು ಅಗಲಕ್ಕೆ ಎಳೆಯಲೂ ಬೇಡಿ. ತೀರಿಕೊಂಡವರ ಮುಖ ಊದಿಕೊಂಡಂತೆ ಕಂಡರೆ ಮನೆಯವರಿಗೆ ಸಂಕಟವಾಗುತ್ತದೆ. ವಾಟ್ಸಾಪಿನಲ್ಲಿ ಬಂದ ಫೋಟೊಗಳಲ್ಲಿ ಎಕ್ಸಿಫ್ (ತೆಗೆದ ತಾರೀಕು ಮುಂತಾದ ವಿವರ) ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಫೈಲಿನ ಹೆಸರಲ್ಲೇ ಫೋಟೊ ಬಂದ ತಾರೀಕು ಇರುತ್ತದೆ, ಸ್ಕ್ರಿಪ್ಟ್ ಬರೆದು ಅದನ್ನೇ ಎತ್ತಿಕೊಳ್ಳಿ.

ನಡುವೆ ಮಾವನವರ ತಾಳಮದ್ದಲೆ ಕ್ಯಾಸೆಟ್ಟುಗಳ ಹಿಂದೆ ಆರು ವಾರ ಹೋಯಿತು. ಒಂದು ಇಡೀ ಪೆಟ್ಟಿಗೆ. ಡೆಕ್ಕಿನ ಹೆಡ್ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಪ್ರತಿ ಕ್ಯಾಸೆಟ್ಟಿಗೂ ಅಜಿಮತ್ (ಟೇಪಿಗೆ ಹೆಡ್ ಕೂರುವ ಕೋನ) ಹೊಂದಿಸಿದರೆ ಮಂಕಾಗಿದ್ದ ಅರ್ಥಗಾರಿಕೆ ಸ್ಪಷ್ಟವಾಗಿ ಕೇಳುತ್ತದೆ. ಚಂಡೆಯ ಪೆಟ್ಟು ಕೇಳಿಕೊಂಡು ತಿರುಗಿಸಬೇಕು. ದುಡ್ಡು ಬರಲಿಲ್ಲ, ಮಾವ ಮಾತ್ರ ಈಗ ದಿನಾ ಸಂಜೆ ಡಬ್ಬಿ ಮುಂದೆ ಇರುತ್ತಾರೆ.

ಈಗಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮಿನಿ ಪಿಸಿ ಹದಿಮೂರು ಸಾವಿರ, 2 ಟಿಬಿ ಡಿಸ್ಕ್ ಐದೂವರೆ, ಯುಪಿಎಸ್, ರಿಮೋಟ್ ಎಲ್ಲ ಸೇರಿ ಎರಡೂವರೆ. ಮಾರುವುದು ಜಿಎಸ್‌ಟಿ ಬಿಟ್ಟು 27 ಸಾವಿರಕ್ಕೆ. ಅದರಲ್ಲಿ ಎರಡು ಸಾವಿರ ಸ್ಟುಡಿಯೊದವರಿಗೆ. ಅಂಗಡಿಗಳಲ್ಲಿಟ್ಟು ಮಾರಲು ಹೋಗಿ ಆರು ತಿಂಗಳಲ್ಲಿ ಎರಡೇ ಹೋಗಿದ್ದವು. ಮದುವೆ ಸ್ಟುಡಿಯೊಗಳ ಆಲ್ಬಂ ಪ್ಯಾಕೇಜಿನ ಜೊತೆ ಸೇರಿಸಿದ ಮೇಲೆ ಒಂದೇ ಸೀಸನ್ನಿನಲ್ಲಿ ಮೂವತ್ತು ಹೋದವು. ವರ್ಷಕ್ಕೆ 1,200ರ ಸರ್ವಿಸ್ ಅರ್ಧಕ್ಕಿಂತ ಜಾಸ್ತಿ ಜನ ಮುಂದುವರಿಸುತ್ತಾರೆ. ಭಾವನೂ ಮಗಳ ಮದುವೆಗೆ ಒಂದು ತೆಗೆದುಕೊಂಡರು, ಪೂರ್ತಿ ದುಡ್ಡು ಕೊಟ್ಟು.

ಲೈಸೆನ್ಸ್ ವಿಷಯ ಸುಲಭ. ಕೋಡಿ, ಜೆಲ್ಲಿಫಿನ್ ಎರಡೂ ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನವು, ಮಾರಲು ಅಡ್ಡಿಯಿಲ್ಲ. ಅವರ ಹೆಸರು, ಲೋಗೊ ಹಾಕದೆ ನನ್ನದೇ ಹೆಸರು ಹಾಕುತ್ತೇನೆ. ಸೋರ್ಸ್ ಕೋಡ್ ಕೇಳಿದರೆ ಕೊಡುತ್ತೇನೆ ಎಂಬ ಚೀಟಿ ಪ್ರತಿ ಡಬ್ಬಿಯಲ್ಲೂ ಇರುತ್ತದೆ. ಇಷ್ಟು ದಿನದಲ್ಲಿ ಕೇಳಿದ್ದು ಒಬ್ಬನೇ, ದಾವಣಗೆರೆಯ ಇಂಜಿನಿಯರಿಂಗ್ ಹುಡುಗ. ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸಿದೆ. ಹದಿನೈದು ದಿನಕ್ಕೆ ಒಂದು ಪ್ಯಾಚ್ (ಕೋಡಿನ ತಿದ್ದುಪಡಿ) ವಾಪಸ್ ಬಂತು. ಹಸಿರು ಗುಂಡಿಯನ್ನು ಬೇಗ ಎರಡು ಸಲ ಒತ್ತಿದರೆ ಪರದೆ ಕಪ್ಪಾಗುತ್ತಿದ್ದ ತೊಂದರೆಯನ್ನು ಅವನು ಸರಿಮಾಡಿದ್ದ. ನಾನು ಎಂಟು ತಿಂಗಳು ಹುಡುಕಿಯೂ ಸಿಕ್ಕಿರಲಿಲ್ಲ. ಸಾಗರಕ್ಕೆ ಹೋದ ಡಬ್ಬಿಯಲ್ಲೂ ಅವನ ಪ್ಯಾಚ್ ಇದೆ.