ಫಾರ್ಮ್ಯಾಟ್ ಮಾಡುವ ಮೊದಲು

ನಮ್ಮ ಕಡೆ ಕಂಪ್ಯೂಟರಿಗೆ ಕಾಯಿಲೆ ನೂರಿದ್ದರೂ ಮದ್ದು ಒಂದೇ, ಫಾರ್ಮ್ಯಾಟ್, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ನಿಧಾನವಾಗಿದೆಯೇ, ಫಾರ್ಮ್ಯಾಟ್ ಮಾಡಿ. ತಾನಾಗಿ ಆರಿಹೋಗುತ್ತಿದೆಯೇ, ಫಾರ್ಮ್ಯಾಟ್ ಮಾಡಿ. ಪರದೆಯೇ ಬರುತ್ತಿಲ್ಲವೆಂದು ಹೇಳಿದರೂ ಅಂಗಡಿಯಲ್ಲಿ ಮೊದಲು ಕೇಳುವುದು, "ಡೇಟಾ ಬೇಕೇ, ಬೇಡವೇ?" ಎಂದು. ಸಾಗರದ ಪೇಟೆಯಿಂದ ಒಳಗಿರುವ ನಮ್ಮ ತೋಟದ ಮನೆಯಿಂದ ಮಳೆಗಾಲದಲ್ಲಿ ಕ್ಯಾಬಿನೆಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯುವುದೇ ಒಂದು ದೊಡ್ಡ ಕೆಲಸ. ಹಾಗಾಗಿ ಈ ರಿಪೇರಿಗಳನ್ನು ಮನೆಯಲ್ಲೇ ಮಾಡುವುದು ರೂಢಿಯಾಯಿತು. ಬೇಕಾದ ಸಲಕರಣೆ ಹೆಚ್ಚೇನಿಲ್ಲ. ಒಂದು ನಕ್ಷತ್ರ ತುದಿಯ ಸ್ಕ್ರೂಡ್ರೈವರ್, ಸಾಧಾರಣ ಮಲ್ಟಿಮೀಟರ್, ಬಣ್ಣ ಹಚ್ಚುವ ಮೆತ್ತನೆಯ ಬ್ರಷ್, ಮತ್ತು ಒಂದು ಹಳೆಯ ಡೈರಿ.

ಇವುಗಳಲ್ಲಿ ಡೈರಿಯೇ ಹೆಚ್ಚು ಕೆಲಸಕ್ಕೆ ಬಂದದ್ದು. ಏನು ತೊಂದರೆ ಎಂದು ಬರೆಯುವ ಬದಲು ಅದರಲ್ಲಿ ಯಾವಾಗ ತೊಂದರೆ ಎಂದು ಬರೆಯುತ್ತೇನೆ. ಪರದೆಯ ಮೇಲಿನ ಸಂದೇಶ ಬಹಳ ಸಲ ಏನನ್ನೂ ಹೇಳುವುದಿಲ್ಲ. ವಿಂಡೋಸಿನ ಆಗುಹೋಗುಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು ಕೆಂಪು ಗುರುತಿನ 'ಕರ್ನಲ್ ಪವರ್ 41' ಕಂಡು ಗಾಬರಿಯಾದವರನ್ನು ನೋಡಿದ್ದೇನೆ. ಹಿಂದಿನ ಸಲ ಕಂಪ್ಯೂಟರ್ ಕ್ರಮವಾಗಿ ಮುಚ್ಚಿಕೊಳ್ಳಲಿಲ್ಲ ಎನ್ನುವುದಷ್ಟೇ ಅದರ ಅರ್ಥ. ಕರೆಂಟು ಹೋಯಿತೇ, ಬಿಸಿಯಾಯಿತೇ, ಯಾರಾದರೂ ಗುಂಡಿ ಒತ್ತಿ ಹಿಡಿದರೇ ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಡೈರಿಯಲ್ಲಿ ಇರುತ್ತದೆ.

ನಮ್ಮ ಕಂಪ್ಯೂಟರ್ ಆಗಾಗ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು. ಬರೆದಿಟ್ಟ ಸಮಯಗಳನ್ನು ಸಾಲಾಗಿ ಓದಿದಾಗ ಎಲ್ಲವೂ ಕರೆಂಟು ಹೋದ ಗಳಿಗೆಗಳೇ ಎಂದು ತಿಳಿಯಿತು. ಮನೆಯಲ್ಲಿ ಇನ್ವರ್ಟರ್ ಇದೆ, ದೀಪ ಮಿಣುಕುವುದೂ ಇಲ್ಲ, ಹಾಗಾದರೆ ಕಂಪ್ಯೂಟರಿಗೆ ಮಾತ್ರ ಏನು? ಉತ್ತರ ಇದ್ದದ್ದು ಇನ್ವರ್ಟರಿನ ಹಿಂಬದಿಯ ಒಂದು ಪುಟ್ಟ ಸ್ವಿಚ್ಚಿನಲ್ಲಿ. ಬಹುತೇಕ ಮನೆ ಇನ್ವರ್ಟರುಗಳಲ್ಲಿ ಎರಡು ಬಗೆ ಇರುತ್ತದೆ. ಒಂದು ಯುಪಿಎಸ್, ಇನ್ನೊಂದನ್ನು ನಾರ್ಮಲ್ ಎಂದೋ ಇಕೋ ಎಂದೋ ಕರೆದಿರುತ್ತಾರೆ. ಎರಡನೆಯದರಲ್ಲಿ ಬ್ಯಾಟರಿಗೆ ಹೊರಳಲು ಇನ್ವರ್ಟರ್ ನಿಧಾನ ಮಾಡುತ್ತದೆ. ಫ್ಯಾನು, ಬಲ್ಬುಗಳಿಗೆ ಅದು ಗೊತ್ತೇ ಆಗುವುದಿಲ್ಲ. ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆ ಮಾತ್ರ ತನ್ನ ಕೆಪಾಸಿಟರಿನಲ್ಲಿ ಉಳಿದಿರುವ ವಿದ್ಯುತ್ತಿನಿಂದ ಪೂರ್ಣ ಹೊರೆಯಲ್ಲಿ ತಾಳಿಕೊಳ್ಳಬಲ್ಲದ್ದು ಸುಮಾರು 16 ಮಿಲಿಸೆಕೆಂಡು. ಹಳತಾದಂತೆ ಅದೂ ಕುಗ್ಗುತ್ತದೆ. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಳ್ಳಿದ ಮೇಲೆ ಈ ಕಾಟ ನಿಂತಿತು. ಇದಕ್ಕೊಂದು ಬೆಲೆಯೂ ಇದೆ. ಯುಪಿಎಸ್ ಬಗೆಯಲ್ಲಿ ಇನ್ವರ್ಟರ್ ಕಡಿಮೆ ವೋಲ್ಟೇಜನ್ನು ಸಹಿಸುವುದಿಲ್ಲ, ಸುಮಾರು 180ಕ್ಕಿಂತ ಕೆಳಗಿಳಿದರೆ ಬ್ಯಾಟರಿಗೆ ಹೋಗಿಬಿಡುತ್ತದೆ. ಬೇಸಿಗೆಯಲ್ಲಿ ಎಲ್ಲರ ತೋಟದ ಪಂಪುಗಳೂ ಒಟ್ಟಿಗೆ ಓಡುವ ಹೊತ್ತಿನಲ್ಲಿ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ. ಅದು ಬೇಡವೆನ್ನುವವರು ಕಂಪ್ಯೂಟರಿಗೆಂದೇ ಸಣ್ಣ ಯುಪಿಎಸ್ ಇಟ್ಟುಕೊಳ್ಳುವುದು ಒಳ್ಳೆಯದು.

ವಿದ್ಯುತ್ತಿನ ಮಾತಿಗೆ ಸೇರಿದ ಇನ್ನೊಂದು ಸಂಗತಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಹಲವರು ಹೇಳುತ್ತಾರೆ, ಕಾಲಿಗೆ ಚಪ್ಪಲಿ ಹಾಕಿಕೊಂಡು ಸುಮ್ಮನಾಗುತ್ತಾರೆ. ಅರ್ತಿಂಗ್ ಇಲ್ಲದ ಮನೆಯ ಲಕ್ಷಣ ಅದು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಸೋರುವ ಅಲ್ಪ ವಿದ್ಯುತ್ತನ್ನು ಭೂಮಿಗೆ ಬಿಡುವಂತೆ ಮಾಡಿರುತ್ತಾರೆ. ಭೂಮಿಗೆ ದಾರಿಯಿಲ್ಲದಿದ್ದರೆ ಅದು ನಮ್ಮ ಮೈಯನ್ನು ಹಿಡಿಯುತ್ತದೆ. ಅರ್ತ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿಸಿದ್ದರೂ ಬೇಸಿಗೆಯಲ್ಲಿ ಜಂಬಿಟ್ಟಿಗೆ ಮಣ್ಣು ಒಣಗಿ ಕೆಲಸ ಕೆಡುತ್ತದೆ. ಮಾರ್ಚಿನಿಂದ ಆಚೆಗೆ ವಾರಕ್ಕೊಮ್ಮೆ ಅದಕ್ಕೆ ನೀರು ಹೊಯ್ಯುವುದನ್ನು ನಾನು ಕಂಪ್ಯೂಟರ್ ನಿರ್ವಹಣೆಯ ಭಾಗವೆಂದೇ ಲೆಕ್ಕ ಹಾಕುತ್ತೇನೆ. ಹಾಗೆಯೇ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ಗಿನ ಜೊತೆ ರೂಟರಿನಿಂದ ಬರುವ ತಾಮ್ರದ ಲ್ಯಾನ್ ಕೇಬಲನ್ನೂ ಕೀಳಬೇಕು. ಪ್ಲಗ್ ಕಿತ್ತು ಕೇಬಲ್ ಬಿಟ್ಟವರ ಮದರ್‌ಬೋರ್ಡಿನ ಲ್ಯಾನ್ ಭಾಗ ಸುಟ್ಟದ್ದನ್ನು ಕಂಡಿದ್ದೇನೆ.

ಜುಲೈ ಬಂದರೆ ತೊಂದರೆಯ ವೇಳೆ ಬದಲಾಗುತ್ತದೆ. ಬೆಳಿಗ್ಗೆ ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ಒಮ್ಮೆ ಹತ್ತಿತೆಂದರೆ ಇಡೀ ದಿನ ಸರಿ. ದಿನದ ಮೊದಲ ಸಲ ಮಾತ್ರ ಕೈಕೊಡುತ್ತದೆ, ಅದೂ ಥಂಡಿಯ ತಿಂಗಳುಗಳಲ್ಲಿ ಮಾತ್ರ ಎಂದರೆ ನನ್ನ ಕೈ ನೇರವಾಗಿ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ್‍ಯಾಮ್ ಕಡೆಗೆ ಹೋಗುತ್ತದೆ. ಪ್ಲಗ್ ತೆಗೆದು, ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಟ್ಟು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಆಮೇಲೆ ರ್‍ಯಾಮ್ ಪಟ್ಟಿಯನ್ನು ಬಿಚ್ಚುತ್ತೇನೆ. ಐಸೊಪ್ರೊಪೈಲ್ ಆಲ್ಕೊಹಾಲ್ ಇದ್ದರೆ ಅದರಿಂದ, ಇಲ್ಲದಿದ್ದರೆ ಬಿಳಿ ರಬ್ಬರಿನಿಂದ ಹಗುರವಾಗಿ, ಹಳದಿ ಬಣ್ಣದ ಸಂಪರ್ಕ ತುದಿಗಳನ್ನು ಒರೆಸಿ, ಪುಡಿ ಉಳಿಯದಂತೆ ಬ್ರಷ್ ಮಾಡಿ, ಎರಡೂ ಕಡೆಯ ಕೊಂಡಿ ಟಕ್ಕೆನ್ನುವವರೆಗೆ ಕೂರಿಸಿದರೆ ಬಹುಪಾಲು ಸಲ ಅಲ್ಲಿಗೆ ಮುಗಿಯುತ್ತದೆ. ಮುಗಿಯದಿದ್ದರೆ ಒಂದೊಂದೇ ಪಟ್ಟಿ, ಒಂದೊಂದೇ ಸ್ಲಾಟ್. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಅನುಮಾನ ಉಳಿದರೆ ಅದನ್ನು ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್ ಅನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಓಡಿಸುತ್ತೇನೆ. ಅದರಲ್ಲಿ ಒಂದೇ ಒಂದು ತಪ್ಪು ಬಂದರೂ ಆ ರ್‍ಯಾಮನ್ನು ನಂಬುವುದಿಲ್ಲ.

ಗೋಡೆಯ ಸ್ವಿಚ್ ಆರಿಸಿದ ಮರುದಿನ ತಾರೀಖು ಹಿಂದಕ್ಕೆ ಹೋಗಿದ್ದರೆ, ಆ ತಪ್ಪು ತಾರೀಖಿನಿಂದಾಗಿ ಬ್ಯಾಂಕಿನ ಜಾಲತಾಣ ಸುರಕ್ಷಿತವಲ್ಲವೆಂದು ಬ್ರೌಸರ್ ಹೆದರಿಸಿದರೆ, ಮದರ್‌ಬೋರ್ಡಿನ ಮೇಲಿನ, ಗಡಿಯಾರ ನಡೆಸುವ ಸಿಆರ್2032 ಬಿಲ್ಲೆ ಬ್ಯಾಟರಿ ಮುಗಿದಿದೆ. 3 ವೋಲ್ಟಿನದು, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ವಿಡಿಯೊ ನೋಡುತ್ತ ಕೆಲವು ನಿಮಿಷಗಳಾದ ಮೇಲೆಯೇ ಆರಿಹೋದರೆ ಬಿಸಿ ಕಾರಣ. ಒಲೆಯ ಹೊಗೆಯ ಜಿಡ್ಡಿಗೆ ಧೂಳು ಸೇರಿ ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕ್ ಸಂದುಗಳಲ್ಲಿ ಕಂಬಳಿಯಂತೆ ಕೂತಿರುತ್ತದೆ. ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು ಬ್ರಷ್ ಮಾಡಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬಾರದು, ಒಳಗೆ ಇರುವೆಯೋ ಹಲ್ಲಿಯೋ ಕಂಡರೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಇವೆಲ್ಲ ಕೆಟ್ಟರೆ ಹೊಸದು ತರಬಹುದಾದ ಭಾಗಗಳು. ಹಾರ್ಡ್‌ಡಿಸ್ಕ್ ಹಾಗಲ್ಲ.

ನಮ್ಮ ಕಂಪ್ಯೂಟರಿನಲ್ಲಿ ವಿಂಡೋಸಿಗೆ ತಿರುಗುವ ಭಾಗಗಳಿಲ್ಲದ 120 ಜಿಬಿಯ ಸಣ್ಣ ಎಸ್‌ಎಸ್‌ಡಿ, ಉಳಿದದ್ದಕ್ಕೆ 1 ಟಿಬಿಯ ತಿರುಗುವ ಡಿಸ್ಕ್ ಇತ್ತು. ಮಗಳ ದೂರು, "ಅಪ್ಪಾ, ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ." ಯಾವಾಗ ಎಂದು ಕೇಳಿ ಕೇಳಿ ಕೊನೆಗೆ ತಿಳಿದದ್ದು, ತಮ್ಮನ ಮದುವೆಯ ಫೋಟೊಗಳ ಫೋಲ್ಡರ್ ತೆರೆದಾಗ ಮಾತ್ರ. ಬೇರೆಲ್ಲ ಸಲೀಸು. ಒಂದೇ ಫೋಲ್ಡರಿಗೆ ಹೋದಾಗ ಎಲ್ಲವೂ ನಿಂತು, ಡಿಸ್ಕಿನ ದೀಪ ಆರದೆ ಉರಿಯುತ್ತಿದ್ದರೆ, ಡಿಸ್ಕಿನ ಅಷ್ಟು ಜಾಗ ಓದಲು ಬರುತ್ತಿಲ್ಲವೆಂದು ಅರ್ಥ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ, ಡಿಸ್ಕಿನ ಆರೋಗ್ಯ ತೋರಿಸುವ ಉಚಿತ ತಂತ್ರಾಂಶ ತೆರೆದರೆ ಹಳದಿ ಪಟ್ಟಿ, ಎಚ್ಚರಿಕೆ. ಅದರಲ್ಲಿ ಬರುವ ಉದ್ದನೆಯ ಪಟ್ಟಿಯಲ್ಲಿ ನಾನು ನೋಡುವುದು ಮೂರು ಸಾಲುಗಳನ್ನು. 05 ಎಂದರೆ ಕೆಟ್ಟುಹೋಗಿ, ಮೀಸಲು ಜಾಗಕ್ಕೆ ಬದಲಾಯಿಸಿದ ಸೆಕ್ಟರುಗಳು, ಅಂದರೆ ಡಿಸ್ಕಿನ ಪುಟ್ಟ ತುಂಡುಗಳು. ಸಿ5 ಎಂದರೆ ಓದಲು ಬಾರದೆ, ಇನ್ನೂ ತೀರ್ಮಾನವಾಗದೆ ಉಳಿದವು. ಸಿ7 ಎಂದರೆ ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಡೇಟಾ ಸಾಗುವಾಗ ಆದ ತಪ್ಪುಗಳು. ಸಿ7 ಒಂದೇ ಏರುತ್ತಿದ್ದರೆ ಅವೆರಡನ್ನೂ ಜೋಡಿಸುವ ಸಾಟಾ ಕೇಬಲ್ ಬದಲಿಸಿದರೆ ಸಾಮಾನ್ಯವಾಗಿ ಸಾಕು; ಕೇಬಲ್ಲಿನ ದೋಷಕ್ಕೆ ಒಳ್ಳೆಯ ಡಿಸ್ಕನ್ನು ಎಸೆದವರಿದ್ದಾರೆ. ಆದರೆ ಆ ಸಂಖ್ಯೆ ಎಂದೂ ಇಳಿಯುವುದಿಲ್ಲ, ಕೇಬಲ್ ಬದಲಿಸಿದ ಮೇಲೆ ಮತ್ತೆ ಏರುತ್ತದೆಯೇ ಎಂದು ನೋಡಬೇಕು. ಈ ತಂತ್ರಾಂಶ ಮೂಲ ಸಂಖ್ಯೆಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ ಎಂಬುದೂ ನೆನಪಿರಲಿ. ಅಲ್ಲಿ 10 ಕಂಡರೆ ನಮ್ಮ ಲೆಕ್ಕಕ್ಕೆ ಹದಿನಾರು.

ನಮ್ಮದರಲ್ಲಿ ಸಿ5 ಏರಿತ್ತು. ಇಂಥ ಹೊತ್ತಿನಲ್ಲಿ ವಿಂಡೋಸಿನ ಡಿಸ್ಕ್ ತಪಾಸಣೆಯಾದ ಚೆಕ್‌ಡಿಸ್ಕ್ ಓಡಿಸಿ ಎಂದು ಸಲಹೆ ಕೊಡುವವರು ಬಹಳ. ಕಡತಗಳ ನಕಲು ಬೇರೆಡೆ ಇದ್ದರೆ ಓಡಿಸಲಿ. ಇಲ್ಲದಿದ್ದರೆ ಬೇಡ. ಕೆಟ್ಟ ಸೆಕ್ಟರ್ ಹುಡುಕಿ ಸರಿಪಡಿಸಲು ಓಡಿಸಿದಾಗ ಸಾಯುತ್ತಿರುವ ಡಿಸ್ಕನ್ನು ಅದು ಮೊದಲಿನಿಂದ ಕೊನೆಯವರೆಗೆ ಓದುತ್ತದೆ, ಓದಲು ಬಾರದ ಕಡೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಮೇಲಾಗಿ ಅದೇ ಡಿಸ್ಕಿನ ಮೇಲೆ ಬರೆಯುತ್ತದೆ. ನಾನು ಮೊದಲು ತೆಗೆದದ್ದು ಬೇರೆಲ್ಲೂ ಸಿಗದ ಕಡತಗಳನ್ನು: ಮನೆಯವರ ಫೋಟೊ, ಸ್ಕ್ಯಾನ್ ಮಾಡಿಟ್ಟ ಜಮೀನಿನ ಪತ್ರಗಳು, ಮಗಳ ಓದಿನ ಕೆಲಸ. ಸಿನಿಮಾ, ಇನ್‌ಸ್ಟಾಲರುಗಳು ಹೋದರೆ ಹೋಗಲಿ. ಓದಲು ಒಪ್ಪದ ಆ ಫೋಲ್ಡರಿಗಾಗಿ ವಿಂಡೋಸ್ ಬಿಟ್ಟು ಲಿನಕ್ಸ್ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ, ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಇಡೀ ಡಿಸ್ಕಿನ ಪ್ರತಿಯನ್ನು ಇನ್ನೊಂದು ದೊಡ್ಡ ಡಿಸ್ಕಿಗೆ ಇಳಿಸಿದೆ. ಅದರ ರೀತಿ ನನಗೆ ಬಹಳ ಮೆಚ್ಚುಗೆ. ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ತಕರಾರು ಮಾಡುವ ಜಾಗಗಳನ್ನು ಒಂದು ಮ್ಯಾಪ್ ಕಡತದಲ್ಲಿ ಗುರುತು ಹಾಕಿಕೊಂಡು ದಾಟಿಹೋಗುತ್ತದೆ, ಆಮೇಲೆ ಅವುಗಳಿಗಷ್ಟೇ ಹಿಂದಿರುಗುತ್ತದೆ. ನಡುವೆ ಕರೆಂಟು ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಯಾವುದು ಹಳೆಯ ಡಿಸ್ಕ್, ಯಾವುದು ಹೊಸದು ಎಂಬುದನ್ನು ಮಾತ್ರ ಗಾತ್ರ ಮತ್ತು ಸೀರಿಯಲ್ ಸಂಖ್ಯೆ ನೋಡಿ ಖಚಿತ ಮಾಡಿಕೊಂಡೇ ಎಂಟರ್ ಒತ್ತಬೇಕು. ಅದಲುಬದಲಾದರೆ ಉಳಿಯುವುದು ಏನೂ ಇಲ್ಲ. ಮದುವೆಯ ಫೋಟೊಗಳಲ್ಲಿ ಕೆಲವು ಅರ್ಧಕ್ಕೆ ಬೂದು ಬಣ್ಣವಾಗಿ ಬಂದವು, ಉಳಿದವು ಪೂರ್ತಿ ಸಿಕ್ಕವು.

ಹಳೆಯ ಡಿಸ್ಕಿನ ಜಾಗಕ್ಕೆ 500 ಜಿಬಿಯ ಎಸ್‌ಎಸ್‌ಡಿ ತಂದೆ. ಹಾಕಿದೊಡನೆ ಮನೆಯಲ್ಲಿ, "465 ಎಂದು ತೋರಿಸುತ್ತಿದೆ, ಅಂಗಡಿಯವನು ಮೋಸ ಮಾಡಿದ" ಎಂಬ ಮಾತು ಬಂತು. ಮೋಸವಿಲ್ಲ. ತಯಾರಕರು ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1024ನ್ನು ಮೂರು ಬಾರಿ ಗುಣಿಸಿ ಬರುವ ಸಂಖ್ಯೆಯನ್ನು ಜಿಬಿ ಎನ್ನುತ್ತದೆ. ಅದೇ ಲೆಕ್ಕಕ್ಕೆ 1 ಟಿಬಿ 931 ಆಗುತ್ತದೆ, ನಮ್ಮ 120 ಜಿಬಿ ಸುಮಾರು 111.

ಆ 111ರಲ್ಲಿ ವಿಂಡೋಸನ್ನು ಉಸಿರಾಡುವಂತೆ ಇಡುವುದೇ ದಿನನಿತ್ಯದ ಕಷ್ಟ. ಸಿ ಡ್ರೈವ್ ಭರ್ತಿಯಾದರೆ ಅಪ್‌ಡೇಟ್ ನಿಲ್ಲುತ್ತದೆ, ಎಸ್‌ಎಸ್‌ಡಿ ಬರೆಯುವ ವೇಗವೂ ಕುಸಿಯುತ್ತದೆ. ಹತ್ತು ಹದಿನೈದು ಶೇಕಡಾವಾದರೂ ಖಾಲಿ ಇರಬೇಕು. ಇಲ್ಲಿಯೂ ಜಾಗ ಯಾವಾಗ ಕಡಿಮೆಯಾಯಿತೆಂದು ಬರೆದಿಟ್ಟರೆ ಅರ್ಧ ಉತ್ತರ ಸಿಗುತ್ತದೆ. ದೊಡ್ಡ ಅಪ್‌ಡೇಟಿನ ಮರುದಿನ ಇಳಿದಿದ್ದರೆ ಅದು ಹಿಂದಿನ ವಿಂಡೋಸನ್ನು ಉಳಿಸಿಟ್ಟ ವಿಂಡೋಸ್ ಓಲ್ಡ್ ಫೋಲ್ಡರ್, ಸಾಮಾನ್ಯವಾಗಿ ಹತ್ತು ದಿನಗಳ ನಂತರ ತಾನೇ ಹೋಗುತ್ತದೆ. ಮಗಳು ಫೋನ್ ಜೋಡಿಸಿದ ದಿನ ಇಳಿದಿದ್ದರೆ ಫೋನಿನ ಬ್ಯಾಕಪ್. ಊಹಿಸುವ ಬದಲು ವಿಜ್‌ಟ್ರೀ ಓಡಿಸಿದರೆ ಯಾವ ಕಡತ ಎಷ್ಟು ಜಾಗ ಹಿಡಿದಿದೆ ಎಂದು ಕೆಲವೇ ಸೆಕೆಂಡುಗಳಲ್ಲಿ ಗಾತ್ರದ ಕ್ರಮದಲ್ಲಿ ತೋರಿಸುತ್ತದೆ. ನಮ್ಮಲ್ಲಿ ಮೇಲೆಯೇ ಕೂತಿದ್ದದ್ದು ಹೈಬರ್‌ಫಿಲ್ ಎಂಬ ಕಡತ, ರ್‍ಯಾಮಿನ ಗಾತ್ರದ ಸುಮಾರು ಶೇಕಡಾ 40ರಷ್ಟು. ಡೆಸ್ಕ್‌ಟಾಪಿಗೆ ಹೈಬರ್ನೇಟ್, ಅಂದರೆ ತೆರೆದ ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ಆರುವುದು, ಯಾಕೆ ಬೇಕು? ಅದನ್ನು ನಿಲ್ಲಿಸಿದೆ. ಜೊತೆಗೆ ಬೇಗ ಹತ್ತುವಂತೆ ಮಾಡುವ ಫಾಸ್ಟ್ ಸ್ಟಾರ್ಟಪ್ ಕೂಡ ಹೋಯಿತು, ನನಗೆ ಅದೂ ಲಾಭವೇ. ಅದು ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸಿನ ತಿರುಳು ಪೂರ್ತಿ ಮುಚ್ಚುವುದಿಲ್ಲ, ಹಳೆಯ ತೊಂದರೆಗಳು ಮರುದಿನಕ್ಕೂ ಉಳಿಯುತ್ತವೆ.

ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಒಂದೇ ಅರ್ಜಿ ನಮೂನೆ ಬ್ರಾಕೆಟ್ಟಿನೊಳಗೆ ಒಂದು, ಎರಡು, ಮೂರು ಎಂದು ಸಂಸಾರ ಬೆಳೆಸಿರುತ್ತದೆ. ಡೌನ್‌ಲೋಡ್ಸ್, ಪಿಕ್ಚರ್ಸ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಅವುಗಳ ಪ್ರಾಪರ್ಟೀಸ್‌ನಲ್ಲಿರುವ ಲೊಕೇಶನ್ ಮೂಲಕ ದೊಡ್ಡ ಡಿಸ್ಕಿಗೆ ಸಾಗಿಸಿದ ಮೇಲೆ ಸಿ ಡ್ರೈವ್ ಸುಧಾರಿಸಿತು. ವಿನ್‌ಎಸ್‌ಎಕ್ಸ್‌ಎಸ್ ಎಂಬ ದೊಡ್ಡ ಫೋಲ್ಡರ್ ಕಂಡು ಅಳಿಸಲು ಕೈ ತುರಿಸಿದರೂ ಮುಟ್ಟಬಾರದು. ಅದರ ಬಹಳಷ್ಟು ಕಡತಗಳು ವಿಂಡೋಸಿನ ಬೇರೆ ಕಡೆಯವೇ ಆಗಿದ್ದು ಎರಡು ಬಾರಿ ಎಣಿಕೆಗೆ ಬಂದಿರುತ್ತವೆ. ಡಿಸ್ಕ್ ಕ್ಲೀನಪ್‌ನ ಮೂಲಕವೇ ಅದನ್ನು ಕರಗಿಸಬೇಕು.

ಕನ್ನಡದಲ್ಲಿ ಬರೆಯುವವರು ಈ ಶುಚಿಗೊಳಿಸುವ ಭರದಲ್ಲಿ ಕಳೆದುಕೊಳ್ಳುವುದು ಫಾಂಟುಗಳನ್ನು. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡಿಗೆ ಹಿಂದಿನ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತಗಳಲ್ಲಿ ಇರುವುದು ಕನ್ನಡ ಅಕ್ಷರಗಳ ಸಂಕೇತಗಳಲ್ಲ. ಆ ಫಾಂಟು ಇದ್ದರೆ ಮಾತ್ರ ಕನ್ನಡವಾಗಿ ಕಾಣುವ ಲ್ಯಾಟಿನ್ ಚಿಹ್ನೆಗಳು. ಕಡತವನ್ನು ಡಿ ಡ್ರೈವಿನಲ್ಲಿ ಜೋಪಾನ ಮಾಡಿ, ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ ಫಾಂಟು ಹೋಯಿತು, ಅಜ್ಜನ ಹಾಡುಗಳ ಸಂಗ್ರಹ ತೆರೆದರೆ ಗೀಟು-ಚುಕ್ಕಿಗಳ ರಾಶಿ. ನಾನು ಹಳೆಯ ಫಾಂಟುಗಳನ್ನು ಅದೇ ಫೋಲ್ಡರಿನಲ್ಲಿ ಜೊತೆಗೆ ಇಟ್ಟಿದ್ದೇನೆ, ಮುಖ್ಯವಾದ ಬರಹಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದಿದ್ದೇನೆ. ಅರ್ಕಾವೊತ್ತು ಒಮ್ಮೊಮ್ಮೆ ಜಾಗ ತಪ್ಪುವುದರಿಂದ ಕಣ್ಣಿಂದ ಓದಿ ತಿದ್ದುವುದು ಅನಿವಾರ್ಯ.

ಈಗ ಮುಖ್ಯ ಕಡತಗಳ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಮೂರನೆಯದು ಶಿವಮೊಗ್ಗದಲ್ಲಿರುವ ತಂಗಿಯ ಮನೆಯಲ್ಲಿ ಇದೆ. ಕಪಾಟಿನಲ್ಲಿ ಇಡುವುದಕ್ಕೆ ಎಸ್‌ಎಸ್‌ಡಿ ಬೇಡ. ವಿದ್ಯುತ್ತಿಲ್ಲದೆ ಬಹುಕಾಲ ಬಿದ್ದಿದ್ದರೆ ಅದರೊಳಗಿನ ಚಾರ್ಜ್ ಸೋರಿ ಡೇಟಾ ಮಾಸಬಹುದು. ತಿರುಗುವ ಡಿಸ್ಕನ್ನೇ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟಿದ್ದೇನೆ.

ಕೆಟ್ಟ ಡಿಸ್ಕನ್ನು ಗುಜರಿಯವನು ಕೇಳಿದ, ಹಾಗೆಯೇ ಕೊಡಲಿಲ್ಲ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅಳಿಯುವುದು ಕಡತಗಳ ಪಟ್ಟಿ ಮಾತ್ರ. ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯಬಹುದು, ಆದರೆ ಕೆಟ್ಟು ಬದಲಾಯಿಸಲ್ಪಟ್ಟ ಸೆಕ್ಟರುಗಳಿಗೆ ಆ ಸೊನ್ನೆ ತಲುಪುವುದಿಲ್ಲ. ಡ್ರಿಲ್ ಮಷೀನಿನಿಂದ ತಟ್ಟೆಗಳ ಮೂಲಕ ರಂಧ್ರ ಕೊರೆದು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಈ ಕೆಲಸ ಮಾಡಿ, ಆಮೇಲೆ ಅವನ ತಕ್ಕಡಿಗೆ ಹಾಕಿದೆ.