ಮೀಡಿಯಾ ಸರ್ವರ್‌ಗೆ ಓಎಸ್: ಮೊದಲು ಡಿಸ್ಕ್ ಎಣಿಸಿ

ಮನೆಯ ಸಿನಿಮಾ ಫೈಲ್‌ಗಳನ್ನು ಟಿವಿಗೆ ಕಳಿಸುವ ಮೀಡಿಯಾ ಸರ್ವರ್ ತಂತ್ರಾಂಶಗಳಾದ ಜೆಲ್ಲಿಫಿನ್, ಪ್ಲೆಕ್ಸ್ ಎರಡೂ ವಿಂಡೋಸ್‌ನಲ್ಲೂ ಓಡುತ್ತವೆ, ಲಿನಕ್ಸ್‌ನಲ್ಲೂ ಓಡುತ್ತವೆ. ಟಿವಿ ಪರದೆಯ ಮೇಲೆ ವ್ಯತ್ಯಾಸವೇನೂ ಕಾಣುವುದಿಲ್ಲ. ಹಾಗಾಗಿ ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್) ಒಳ್ಳೆಯದು ಎಂದು ಹುಡುಕುವ ಮೊದಲು ಪೆಟ್ಟಿಗೆ ಬಿಚ್ಚಿ ನೋಡಿ: ಡಿಸ್ಕ್ ಎಷ್ಟಿವೆ, ಒಂದೇ ಅಳತೆಯವೇ, ಪ್ರೊಸೆಸರ್ ಯಾವುದು?

ಒಂದೋ ಎರಡೋ ಡಿಸ್ಕ್ ಇದ್ದರೆ ಹೆಚ್ಚು ಯೋಚಿಸಬೇಡಿ. ಲಿನಕ್ಸ್‌ನ ಡೆಬಿಯನ್ ಅಥವಾ ಉಬುಂಟು ಸರ್ವರ್‌ನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿ ಹಾಕಿ. ಉಬುಂಟು ಎಲ್‌ಟಿಎಸ್‌ಗೆ 5 ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಎರಡನೇ ಡಿಸ್ಕ್ ಅನ್ನು ಬ್ಯಾಕಪ್‌ಗೇ ಮೀಸಲಿಡಿ. ಎರಡರಲ್ಲೂ ಒಂದೇ ಡೇಟಾ ಬರೆಯುವ ರೇಡ್ ಮಾಡಿಕೊಂಡರೆ ಡಿಸ್ಕ್ ಕೆಟ್ಟಾಗ ಬಚಾವಾಗಬಹುದು, ಆದರೆ ಕೈತಪ್ಪಿ ಅಳಿಸಿದ ಫೈಲ್ ಎರಡೂ ಕಡೆ ಒಟ್ಟಿಗೇ ಹೋಗುತ್ತದೆ.

ಎರಡಕ್ಕಿಂತ ಹೆಚ್ಚಾದಾಗಲೇ ಲೆಕ್ಕ ಶುರು. ನಿಮ್ಮ ಬಳಿ 2, 4, 8, 8 ಟಿಬಿಯ ನಾಲ್ಕು ಡಿಸ್ಕ್ ಇವೆ ಎನ್ನಿ. ಟ್ರೂನ್ಯಾಸ್ ಎಂಬ ಸ್ಟೋರೇಜ್ ಓಎಸ್ ಬಳಸುವ ಝಡ್‌ಎಫ್‌ಎಸ್ ಫೈಲ್ ವ್ಯವಸ್ಥೆಯಲ್ಲಿ ಇವನ್ನು ಒಂದೇ ರೇಡ್-ಝಡ್1 ಗುಂಪು ಮಾಡಿದರೆ ಎಲ್ಲವನ್ನೂ ಅತಿ ಚಿಕ್ಕದರ ಅಳತೆಗೆ, ಅಂದರೆ 2 ಟಿಬಿಗೆ, ಇಳಿಸಿ ನೋಡುತ್ತದೆ. ಒಂದು ಡಿಸ್ಕ್‌ನಷ್ಟು ಪ್ಯಾರಿಟಿಗೆ (ಕೆಟ್ಟ ಡಿಸ್ಕ್‌ನ ಡೇಟಾವನ್ನು ಮರಳಿ ಕಟ್ಟಲು ಬೇಕಾದ ಲೆಕ್ಕಕ್ಕೆ) ಹೋಗಿ ಕೈಗೆ ಸಿಗುವುದು ಸುಮಾರು 6 ಟಿಬಿ. ಇವೇ ಡಿಸ್ಕ್‌ಗಳನ್ನು ಅನ್‌ರೇಡ್ ಎಂಬ ಇನ್ನೊಂದು ಓಎಸ್‌ಗೆ ಕೊಟ್ಟರೆ ಒಂದು 8 ಟಿಬಿ ಪ್ಯಾರಿಟಿಗೆ, ಉಳಿದ 14 ಟಿಬಿ ನಿಮಗೆ. ಪ್ಯಾರಿಟಿ ಡಿಸ್ಕ್ ಅತಿ ದೊಡ್ಡ ಡೇಟಾ ಡಿಸ್ಕ್‌ನಷ್ಟಾದರೂ ಇರಬೇಕು, ಷರತ್ತು ಅದೊಂದೇ. ಅನ್‌ರೇಡ್‌ಗೆ ದುಡ್ಡು ಕೊಡಬೇಕು. ಪುಕ್ಕಟೆ ಬೇಕಾದರೆ ಓಪನ್‌ಮೀಡಿಯಾವಾಲ್ಟ್ ಎಂಬ ಓಎಸ್ ಮೇಲೆ ಡಿಸ್ಕ್‌ಗಳನ್ನು ಒಂದಾಗಿ ತೋರಿಸುವ ಮರ್ಜರ್‌ಎಫ್‌ಎಸ್, ಪ್ಯಾರಿಟಿ ಬರೆಯುವ ಸ್ನ್ಯಾಪ್‌ರೇಡ್ ಜೋಡಿಸಿದರೂ ಅದೇ 14 ಟಿಬಿ ಸಿಗುತ್ತದೆ. ಆದರೆ ಸ್ನ್ಯಾಪ್‌ರೇಡ್ ಪ್ಯಾರಿಟಿ ಬರೆಯುವುದು ನೀವು ಸಿಂಕ್ ಓಡಿಸಿದಾಗ ಮಾತ್ರ. ರಾತ್ರಿ ಸಿಂಕ್ ಇಟ್ಟರೆ ಹಗಲು ಸೇರಿಸಿದ ಫೈಲ್‌ಗೆ ಅಲ್ಲಿಯವರೆಗೆ ರಕ್ಷಣೆಯಿಲ್ಲ. ಒಮ್ಮೆ ಹಾಕಿದರೆ ಬದಲಾಗದ ಸಿನಿಮಾಗಳಿಗೆ ಇದು ನಡೆಯುತ್ತದೆ, ದಿನವೂ ತಿದ್ದುವ ಕಡತಗಳಿಗೆ ಬೇಡ.

ಎಲ್ಲ ಡಿಸ್ಕ್ ಒಂದೇ ಅಳತೆ, ರ್‍ಯಾಮ್ 8 ಜಿಬಿ ಅಥವಾ ಹೆಚ್ಚು ಇದ್ದರೆ ಟ್ರೂನ್ಯಾಸ್ ಆರಿಸಿ. ಬೂಟ್‌ಗೆಂದೇ ಬೇರೆ ಚಿಕ್ಕ ಎಸ್‌ಎಸ್‌ಡಿ ಬೇಕು, ಅದನ್ನು ಇಡಿಯಾಗಿ ಟ್ರೂನ್ಯಾಸೇ ನುಂಗುತ್ತದೆ.

ವಿಂಡೋಸ್? ಯಂತ್ರದಲ್ಲಿ ಈಗಾಗಲೇ 11 ಇದ್ದು, ಅದೇ ಯಂತ್ರ ಬೇರೆ ಕೆಲಸಕ್ಕೂ ಬೇಕಾಗಿದ್ದರೆ ಇರಲಿ. ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಯಿತೆಂದರೆ ಯಾರಾದರೂ ಲಾಗಿನ್ ಆಗುವವರೆಗೆ ಸರ್ವರ್ ಏಳದೆ ಇರಬಹುದು, ಅಷ್ಟು ತಿಳಿದಿರಲಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಇನ್ನು ಪ್ರೊಸೆಸರ್. ಟಿವಿಗೆ ಫೈಲ್ ಹಾಗೆಯೇ ಓದಲು ಬಾರದಿದ್ದರೆ ಸರ್ವರ್ ಅದನ್ನು ಆಗಿಂದಾಗಲೇ ಬದಲಿಸಿ ಕೊಡುತ್ತದೆ. ಇದೇ ಟ್ರಾನ್ಸ್‌ಕೋಡಿಂಗ್. ಬ್ಲೂ-ರೇಯ ಚಿತ್ರರೂಪದ ಸಬ್‌ಟೈಟಲ್ ಹಾಕಿದರೂ ಎಷ್ಟೋ ಬಾರಿ ಇದು ಶುರುವಾಗುತ್ತದೆ. ಇಂಟೆಲ್ ಕೋರ್‌ನ 7ನೇ ತಲೆಮಾರಿನಿಂದ ಚಿಪ್‌ನೊಳಗಿನ ಗ್ರಾಫಿಕ್ಸ್ 10-ಬಿಟ್ ಎಚ್‌ಇವಿಸಿ ರೂಪದ ವಿಡಿಯೊವನ್ನು ಬಿಡಿಸುತ್ತದೆ (ಡಿಕೋಡ್ ಮಾಡುತ್ತದೆ), ಎವಿ1 ರೂಪದ ವಿಡಿಯೊಗೆ 11ನೇ ತಲೆಮಾರು ಬೇಕು. ಹೆಸರಿನ ಕೊನೆಗೆ 'ಎಫ್' ಇರುವ ಚಿಪ್‌ನಲ್ಲಿ ಆ ಗ್ರಾಫಿಕ್ಸ್ ಕೆಲಸಕ್ಕೆ ಬರುವುದಿಲ್ಲ. ಗ್ರಾಫಿಕ್ಸ್ ಬಳಸಿ ಟ್ರಾನ್ಸ್‌ಕೋಡ್ ಮಾಡುವ ಸೌಲಭ್ಯ ಜೆಲ್ಲಿಫಿನ್‌ನಲ್ಲಿ ಉಚಿತ, ಪ್ಲೆಕ್ಸ್‌ನಲ್ಲಿ ಪ್ಲೆಕ್ಸ್ ಪಾಸ್ ಕೊಳ್ಳಬೇಕು. ಲಿನಕ್ಸ್‌ನಲ್ಲಿ 'ಜೆಲ್ಲಿಫಿನ್' ಬಳಕೆದಾರನನ್ನು 'ರೆಂಡರ್' ಗುಂಪಿಗೆ ಸೇರಿಸಿ ಸೇವೆಯನ್ನು ರೀಸ್ಟಾರ್ಟ್ ಮಾಡಿ. ಇದು ಬಿಟ್ಟುಹೋಗಿದ್ದರೆ ಸೆಟ್ಟಿಂಗ್‌ನಲ್ಲಿ ಕ್ವಿಕ್ ಸಿಂಕ್ (ಇಂಟೆಲ್ ಗ್ರಾಫಿಕ್ಸ್ ಬಳಸುವ ಆಯ್ಕೆ) ಟಿಕ್ ಆಗಿದ್ದರೂ ವಿಡಿಯೊ ಶುರುವಾಗದೆ ಎರರ್ ಬರುತ್ತದೆ.

ಡೆಬಿಯನ್ ಹಾಕಿದವರು ಹೆಚ್ಚಾಗಿ ಎಡವುವುದು ಡಿಸ್ಕ್ ಜೋಡಿಸುವಾಗ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳು ರೀಬೂಟ್ ಆದಾಗ ಅದಲುಬದಲಾಗಬಹುದು, ಆದ್ದರಿಂದ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ (fstab) ಕಡತದಲ್ಲಿ ಡಿಸ್ಕ್‌ನ ಬದಲಾಗದ ಗುರುತಾದ ಯುಯುಐಡಿಯನ್ನೇ ಬರೆಯಿರಿ, ಜೊತೆಗೆ 'ನೋಫೇಲ್' (nofail) ಸೇರಿಸಿ. ಇಲ್ಲದಿದ್ದರೆ ಒಂದು ಕೇಬಲ್ ಸಡಿಲವಾದರೂ ಯಂತ್ರ ಬೂಟ್ ಆಗದೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಲ್ಲುತ್ತದೆ. ನೋಫೇಲ್‌ಗೂ ಒಂದು ಕಾಟವಿದೆ: ಡಿಸ್ಕ್ ಬಾರದಿದ್ದಾಗ ಅದರ ಜಾಗದ ಖಾಲಿ ಫೋಲ್ಡರ್‌ಗೇ ಫೈಲ್‌ಗಳು ಬಿದ್ದು ಸಿಸ್ಟಮ್ ಡಿಸ್ಕ್ ತುಂಬಿಹೋಗುತ್ತದೆ. ಡಿಸ್ಕ್ ಅನ್ನು ಅಲ್ಲಿ ಮೌಂಟ್ ಮಾಡುವ (ಜೋಡಿಸುವ) ಮೊದಲೇ ಆ ಖಾಲಿ ಫೋಲ್ಡರ್‌ಗೆ 'ಚ್ಯಾಟರ್ ಪ್ಲಸ್ ಐ' (chattr +i) ಆಜ್ಞೆ ಕೊಟ್ಟು ಬೀಗ ಹಾಕಿ.

ಲೈಬ್ರರಿ ಖಾಲಿ ಕಂಡರೆ ಅನುಮತಿ ನೋಡಿ. ಸಿನಿಮಾ ಫೋಲ್ಡರ್‌ಗೆ ಓದುವ ಅನುಮತಿ ಇದ್ದರೆ ಸಾಲದು, ಅದರ ಮೇಲಿನ ಪ್ರತಿ ಫೋಲ್ಡರ್‌ಗೂ ಪ್ರವೇಶಿಸುವ ಅನುಮತಿ, ಅಂದರೆ 'ಎಕ್ಸ್' ಇರಬೇಕು. ಡೆಸ್ಕ್‌ಟಾಪ್ ತಾನಾಗಿ ಮೌಂಟ್ ಮಾಡಿದ ಡಿಸ್ಕ್ ನಿಮ್ಮ ಖಾತೆಗೆ ಮಾತ್ರ ತೆರೆದಿರುವುದರಿಂದ ಜೆಲ್ಲಿಫಿನ್ ಬಾಗಿಲಲ್ಲೇ ನಿಂತಿರುತ್ತದೆ.

ರೂಟರ್‌ನಲ್ಲಿ ಸರ್ವರ್‌ಗೆ ಖಾಯಂ ಐಪಿ ಕಾಯ್ದಿರಿಸಿ, ಬಯಾಸ್‌ನಲ್ಲಿ ಕರೆಂಟ್ ಬಂದೊಡನೆ ಆನ್ ಆಗುವಂತೆ ಇಡಿ. ಬಳಿಕ ಯಂತ್ರವನ್ನು ಸರಿಯಾಗಿ ಶಟ್‌ಡೌನ್ ಮಾಡಿ ಪ್ಲಗ್ ಕೀಳಿ. ಮಾನಿಟರ್, ಕೀಬೋರ್ಡ್ ತೆಗೆದಿಟ್ಟು ಪ್ಲಗ್ ಮತ್ತೆ ಚುಚ್ಚಿ ಐದು ನಿಮಿಷ ಬಿಡಿ. ಮೊಬೈಲ್‌ನ ಬ್ರೌಸರ್‌ನಲ್ಲಿ ಆ ಐಪಿಯ 8096ನೇ ಪೋರ್ಟ್ ತೆರೆದಾಗ ಜೆಲ್ಲಿಫಿನ್ ಲಾಗಿನ್ ಪುಟ ಬಂದರೆ ಪೆಟ್ಟಿಗೆಯನ್ನು ಮೂಲೆಗೆ ಸೇರಿಸಬಹುದು.